ಓಗೊಡದ ಮೋಡೆಮ್

2003ರ ಒಂದು ರಾತ್ರಿ ಹುಬ್ಬಳ್ಳಿ ಶಾಖೆಯ ಜಾಲಸಂಪರ್ಕ ಕಡಿದುಹೋಯಿತು. ಬೆಳಗಾದರೆ ಸಂಬಳದ ಬಟವಾಡೆ. ಪಟ್ಟಿ ಆ ಜಾಲದ ಮೂಲಕವೇ ಹೋಗಬೇಕು. ಬೆಂಗಳೂರಿನಲ್ಲಿದ್ದ ನನಗೆ ಉಳಿದ ದಾರಿಯೊಂದೇ: ಅಲ್ಲಿಯ ರೂಟರಿಗೆ ಜೋಡಿಸಿದ್ದ ಮೋಡೆಮ್ಮಿಗೆ ದೂರವಾಣಿ ಕರೆ ಮಾಡಿ ಒಳಹೊಗುವುದು. ಗಂಟೆ ಬಾರಿಸುತ್ತಲೇ ಇತ್ತು, ಮೋಡೆಮ್ ಓಗೊಡಲಿಲ್ಲ.

ಇನ್ನೊಂದು ದೂರವಾಣಿಯಲ್ಲಿ ಕಾವಲುಗಾರರನ್ನು "ತಂತಿ ಕಿತ್ತಿರೇನು?" ಎಂದು ಗದರಿದೆ.

"ಇಲ್ಲರೀ ಸಾಹೇಬ್ರ, ಸಂಜೀಕ ಕರೆಂಟ್ ಹೋಗಿ ಬಂತು, ಅಷ್ಟ," ಎಂದರು ಆ ಹಿರಿಯರು.

ಥಟ್ಟನೆ ಹೊಳೆಯಿತು. ಎಷ್ಟನೆಯ ಗಂಟೆಗೆ ಕರೆ ಎತ್ತಬೇಕೆಂದು ಮೋಡೆಮ್ಮಿಗೆ ತಿಳಿಸುವ ಅಂಕಿಯೊಂದುಂಟು. ಅದು 0 ಆದರೆ ಎತ್ತುವುದೇ ಇಲ್ಲ. ಅದನ್ನು 1 ಮಾಡಿದ ನಾನು ಸ್ಥಿರಸ್ಮೃತಿಯಲ್ಲಿ ಉಳಿಸಲು ಮರೆತಿದ್ದೆ. ವಿದ್ಯುತ್ತು ಹೋದಾಗ ಅಳಿಸಿಹೋಗಿತ್ತು.

ನಡುರಾತ್ರಿ ಗುಮಾಸ್ತರನ್ನು ಎಬ್ಬಿಸಿ ಕರೆತಂದವರೂ ಆ ಕಾವಲುಗಾರರೇ. ನಾನು ಹೇಳಿದ ಆಜ್ಞೆಗಳನ್ನು ಗುಮಾಸ್ತರು ಒತ್ತಿದರು; ಮೋಡೆಮ್ ಮೊದಲ ಗಂಟೆಗೇ ಓಗೊಟ್ಟಿತು. ಹಿರಿಯರ ಕ್ಷಮೆ ಕೇಳಲು ಮಾತ್ರ ನನಗೆ ಬೆಳಗಾಗಬೇಕಾಯಿತು.