ಕಾಕಾನ ಗಾಣಕ್ಕೆ ಉಲ್ಲೇಖ ಎಲ್ಲಿದೆ?

"ಲೇ ತಮ್ಮಾ, ಆಲೆಮನಿ ಅಂದ್ರ ಯಾರ ಮನಿಯೋ?"

ನನ್ನ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದ ಕಾಕಾ ತಲೆಯೆತ್ತಿ ಕೇಳಿದ. ಮೂಡಲಗಿ ಹತ್ತಿರದ ನಮ್ಮೂರಿಗೆ ಸಂಕ್ರಾಂತಿಗೆ ಹೋದಾಗಿನ ಮಾತು. ಕನ್ನಡ ವಿಕಿಪೀಡಿಯಕ್ಕೆಂದು ಬೆಲ್ಲ ಮಾಡುವ ಬಗ್ಗೆ ಒಂದು ಲೇಖನ ಶುರುಮಾಡಿದ್ದೆ. ದೊಡ್ಡ ಹೆಮ್ಮೆಯಿಂದ ತೋರಿಸಲು ಹೋದರೆ, ಮೂವತ್ತು ವರ್ಷ ಬೆಲ್ಲ ಮಾಡಿದ ಮನುಷ್ಯನಿಗೆ ನನ್ನ ಮೊದಲ ಸಾಲೇ ಅರ್ಥವಾಗಲಿಲ್ಲ. ನಮ್ಮ ಕಡೆ ಅದು ಗಾಣ. ಆಲೆಮನೆ ಅನ್ನೋದು ನಾನು ಬೆಂಗಳೂರಿಗೆ ಬಂದ ಮೇಲೆ ಕಲಿತ ಶಬ್ದ. ಮುಂದೆ 'ಜೋನಿಬೆಲ್ಲ' ಬಂತು. ಕಾಕಾಗೆ ಸಿಟ್ಟೇ ಬಂತು. "ಕಾಕವಿ ಅಂತ ಬರೀಲಿಕ್ಕ ಏನ್ ಧಾಡಿ ನಿನಗ?"

ಈ ಹುಚ್ಚು ನನಗೆ ಹತ್ತಿದ್ದು ಆಫೀಸಿನಲ್ಲಿ. ಒಂದು ಮಧ್ಯಾಹ್ನ ಬಿಲ್ಡ್ ಮುಗಿಯಲಿ ಅಂತ ಕಾಯುತ್ತಾ 'ವಿಕಿ' ಅನ್ನೋ ಪದ ಎಲ್ಲಿಂದ ಬಂತು ಅಂತ ಹುಡುಕಿದೆ. ಅದು ಹವಾಯಿ ಭಾಷೆಯದು. 'ವಿಕಿವಿಕಿ' ಅಂದರೆ ಲಗೂ ಲಗೂ. ಹೊನೊಲುಲು ವಿಮಾನ ನಿಲ್ದಾಣದಲ್ಲಿ ಓಡಾಡುತ್ತಿದ್ದ ಬಸ್ಸಿಗೆ ಆ ಹೆಸರಿತ್ತಂತೆ. ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್ 1995ರಲ್ಲಿ ಯಾರು ಬೇಕಾದರೂ ತಿದ್ದಬಹುದಾದ ಮೊದಲ ತಾಣ ಮಾಡಿದಾಗ ಆ ಹೆಸರನ್ನೇ ಎತ್ತಿಕೊಂಡ. ಜಗತ್ತಿಗೆಲ್ಲ ಹೆಸರು ಕೊಟ್ಟ ಆ ಹವಾಯಿ ಭಾಷೆಯ ಸ್ವಂತ ವಿಕಿಪೀಡಿಯದಲ್ಲಿ ಇರುವುದು ಕೆಲವೇ ಸಾವಿರ ಪುಟ. ಅದೇ ಪೆಸಿಫಿಕ್ ಸಾಗರದ ನೌರು ದ್ವೀಪದ ಭಾಷೆಗೂ ಒಂದು ವಿಕಿಪೀಡಿಯ ಇದೆ. ನೌರು ಅಂದರೆ 21 ಚದರ ಕಿಲೋಮೀಟರ್. ಇಡೀ ದೇಶದ ಜನ ಸೇರಿದರೂ ನಮ್ಮ ಮೂಡಲಗಿ ಪಟ್ಟಣದಷ್ಟು ಆಗುವುದಿಲ್ಲ!

ಆಮೇಲೆ ನಮ್ಮ ಲೆಕ್ಕ ನೋಡಿದೆ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. 2011ರ ಜನಗಣತಿ ಪ್ರಕಾರ ಕನ್ನಡ ಮಾತೃಭಾಷೆಯವರು ನಾಲ್ಕು ಕೋಟಿ ಮೂವತ್ತು ಲಕ್ಷಕ್ಕೂ ಹೆಚ್ಚು. ಲೇಖನಗಳು ಮಾತ್ರ ಮೂವತ್ತು ಸಾವಿರದ ಆಸುಪಾಸು. ನಮ್ಮ ತುಳುವರು ವರ್ಷಗಟ್ಟಲೆ ಪ್ರಾಯೋಗಿಕ ಪುಟಗಳಲ್ಲಿ ಬರೆದು ಬರೆದು 2016ರಲ್ಲಿ ತಮ್ಮದೇ ವಿಕಿಪೀಡಿಯ ಪಡೆದರು. ಅವರ ಹಟ ನೋಡಿ ನನಗೆ ನಾಚಿಕೆಯಾಯಿತು. ಸರಿ, ಊರ ಕಡೆಯ ಮೂರು ತಾಲೂಕಿನ ಬಗ್ಗೆ ಬರೀತೀನಿ ಅಂತ ಕೂತೆ.

ಗೋಕಾಕ ಸಲೀಸು. ಘಟಪ್ರಭೆ ಧುಮ್ಮಿಕ್ಕುವುದು ಸುಮಾರು 52 ಮೀಟರ್ ಅಂತ ಹತ್ತು ಪುಸ್ತಕದಲ್ಲಿ ಸಿಗುತ್ತದೆ. ಕಾದಂಬರಿಕಾರ ಬಸವರಾಜ ಕಟ್ಟೀಮನಿ ಇದೇ ತಾಲೂಕಿನ ಮಲಾಮರಡಿಯವರು. ಅದಕ್ಕೂ ಪುಸ್ತಕ ಇದೆ. ವಿ. ಕೃ. ಗೋಕಾಕರು ಹುಟ್ಟಿದ್ದು ಸವಣೂರಲ್ಲಿ, ಗೋಕಾಕದಲ್ಲಲ್ಲ ಅನ್ನೋದು ನನಗೇ ಗೊತ್ತಾದದ್ದು ಆಗ. ಇಷ್ಟು ವರ್ಷ ಬೆಂಗಳೂರಿನ ಗೆಳೆಯರ ಮುಂದೆ "ಅವರು ನಮ್ಮೂರ ಕಡೆಯವರು" ಅಂತ ಕೊಚ್ಚಿಕೊಂಡಿದ್ದೆ!

ಹುಕ್ಕೇರಿಯೂ ಪರವಾಗಿಲ್ಲ. ಅಲ್ಲಿ ಕರೆಂಟು ಹಂಚುವುದು ಹೆಸ್ಕಾಂ ಅಲ್ಲ, 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಅಪರೂಪದ ಸಂಗತಿ. ಆದರೆ ಸರಕಾರಿ ವರದಿಗಳಲ್ಲಿ ಅಚ್ಚಾಗಿರುವುದರಿಂದ ಬರೆಯಲು ತ್ರಾಸಿಲ್ಲ.

ಸಿಕ್ಕಿಹಾಕಿಕೊಂಡದ್ದು ಮೂಡಲಗಿಯಲ್ಲಿ, ನನ್ನ ಮನೆಯಲ್ಲೇ.

ಆ ಸಂಕ್ರಾಂತಿಯಂದು ಕಾಕಾ ಇಡೀ ರಾತ್ರಿ ಗಾಣದ ಮುಂದೆ ಕೂರಿಸಿಕೊಂಡು ಪಾಠ ಮಾಡಿದ. ಬೆಂಡಿಗಿಡದ ಕಾಂಡ ಜಜ್ಜಿ ನೀರಲ್ಲಿ ಹಿಂಡಿ, ಆ ಲೋಳೆ ಹಾಕಿದರೆ ಕಬ್ಬಿನ ಹಾಲಿನ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಪಾಕ ಆಯಿತೋ ಇಲ್ಲವೋ ಅಂತ ತಣ್ಣೀರಿಗೆ ನಾಲ್ಕು ಹನಿ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡಬೇಕು. ಇವೆರಡೂ ಕೃಷಿ ಪುಸ್ತಕಗಳಲ್ಲಿ ಇವೆ. ಆದರೆ ಕಾಕಾ ತಣ್ಣೀರು ಮುಟ್ಟುತ್ತಿರಲಿಲ್ಲ. ಕಡಾಯಿಗೆ ಬೆನ್ನು ಮಾಡಿ ಕೂತು, ಕುದಿಯುವ ಸಪ್ಪಳ ಕೇಳಿಯೇ "ಇಳಸ್ರೋ" ಅಂತಿದ್ದ. "ಮೊದಲ ಬಡಬಡ ಮಾತಾಡ್ತೈತಿ, ಆಮ್ಯಾಲ ಗೊಣಗ್ತೈತಿ. ಗೊಣಗೋದು ನಿಂತು ಉಸಿರು ಬಿಟ್ಟಾಗ ಇಳಸ್ಬೇಕು." ಹಾಲಿನ ರುಚಿ ನೋಡಿ ಕಬ್ಬು ಯಾರ ಹೊಲದ್ದು, ಸವಳು ನೆಲದ್ದೋ ಅಲ್ಲವೋ ಅಂತಲೂ ಹೇಳುತ್ತಿದ್ದ.

ಎಲ್ಲವನ್ನೂ ನನ್ನ ಪ್ರಯೋಗಪುಟದಲ್ಲಿ ಟೈಪ್ ಮಾಡಿ ಸೇವ್ ಮಾಡಿದೆ. ಬೆಂಗಳೂರಿಗೆ ಬಂದು ಓದಿದಾಗ ಎದೆ ಧಸಕ್ ಅಂತು. ವಿಕಿಪೀಡಿಯದ ನಿಯಮ ಸ್ಪಷ್ಟ: ಪ್ರಕಟವಾದ ಮೂಲ ಇರಬೇಕು, ಸ್ವಂತ ಸಂಶೋಧನೆ ಕೂಡದು. ನಿಯಮ ತಪ್ಪು ಅಂತ ನಾನು ಹೇಳಲಾರೆ. ಅದಿಲ್ಲದಿದ್ದರೆ ಪ್ರತಿಯೊಬ್ಬರ ಕಾಕಾನೂ ಜಗತ್ತಿನ ಶ್ರೇಷ್ಠನಾಗಿಬಿಡುತ್ತಾನೆ. ಆದರೆ ಅಚ್ಚಿನ ಮನೆ ಮುಟ್ಟದ ಜನರ ತಿಳಿವಳಿಕೆಗೆ ದಾರಿ ಯಾವುದು? ಇದೇ ಪ್ರಶ್ನೆ ಇಟ್ಟುಕೊಂಡು 2011ರಲ್ಲಿ ಬೆಂಗಳೂರಿನ ಅಚಲ್ ಪ್ರಭಲ ಅವರು ಭಾರತ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಬಾಯಿಮಾತನ್ನೇ ಧ್ವನಿಮುದ್ರಿಸಿ ಉಲ್ಲೇಖವಾಗಿ ಕೊಡುವ ಪ್ರಯೋಗ ನಡೆಸಿದ್ದರು. ನಿಯಮ ಮಾತ್ರ ಬದಲಾಗಲಿಲ್ಲ.

ಯಾರೂ ನನಗೆ ನೋಟಿಸ್ ಕೊಡಲಿಲ್ಲ. ನಾನೇ ಒಂದು ಭಾನುವಾರ ಕೂತು ಕಾಕಾನ ಸಾಲುಗಳನ್ನು ಅಳಿಸಿದೆ. ಕೋಡ್ ರಿವ್ಯೂ ಮಾಡಿದಷ್ಟು ಶಿಸ್ತಿನಿಂದ. ಉಳಿದದ್ದು ಬೆಂಡಿ ಲೋಳೆ ಮತ್ತು ತಣ್ಣೀರು.

ಎರಡು ವರ್ಷದ ನಂತರ ಊರಿಗೆ ಹೋದರೆ ಗಾಣದ ಜಾಗದಲ್ಲಿ ರವದಿ ಒಟ್ಟಿದ್ದರು. ಕಬ್ಬೆಲ್ಲ ಕಾರ್ಖಾನೆಗೆ. ಕಡಾಯಿ ಗುಜರಿಗೆ. ಮೊಬೈಲ್ ಹಿಡಿದು "ಕಾಕಾ, ಆ ಸಪ್ಪಳದ ಬಗ್ಗೆ ಇನ್ನೊಮ್ಮೆ ಹೇಳು, ರೆಕಾರ್ಡ್ ಮಾಡ್ಕೋತೀನಿ" ಅಂದೆ. ಕಾಕಾ ನನ್ನ ಮುಖ ನೋಡಿ ನಕ್ಕ. "ಕಡಾಯಿನ ಇಲ್ಲ, ಏನ್ ಸಪ್ಪಳ ಮಾಡ್ಲಿ? ಅವತ್ತ ಬರ್ಕೊಂಡಿದ್ದೆಲ್ಲ, ಅದನ್ನ ತೋರ್ಸು."

ಅಳಿಸಿದೆ ಅಂತ ಹೇಳಲು ಬಾಯಿ ಬರಲಿಲ್ಲ. ಆಗ ನೆನಪಾಯಿತು. ವಿಕಿಯಲ್ಲಿ ಅಳಿಸಿದ ಸಾಲು ಎಲ್ಲಿಗೂ ಹೋಗುವುದಿಲ್ಲ. ಪ್ರತಿ ಪುಟದ ಮೇಲೆ 'ಇತಿಹಾಸ' ಅಂತ ಒಂದು ಕೊಂಡಿ ಇರುತ್ತದೆ. ಒತ್ತಿದರೆ ಹಳೆಯ ಆವೃತ್ತಿಗಳೆಲ್ಲ ತಾರೀಖಿನ ಸಮೇತ ಸಿಗುತ್ತವೆ. ಒತ್ತಿದೆ. ಬಡಬಡ ಮಾತಾಡುವುದು, ಗೊಣಗುವುದು, ಉಸಿರು ಬಿಡುವುದು, ಎಲ್ಲ ಇತ್ತು.

ಕಾಕಾ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನಿಧಾನಕ್ಕೆ ಓದಿದ. ಈ ಸಲ ಯಾವ ಶಬ್ದದ ಅರ್ಥವನ್ನೂ ಕೇಳಲಿಲ್ಲ. ಕೊನೆಗೆ ಇಷ್ಟೇ ಅಂದ: "ಬೆಂಕಿ ಜೋರ್ ಇದ್ರ ಸಪ್ಪಳ ಸುಳ್ಳ ಹೇಳ್ತೈತಿ. ಅದನ್ನ ಬಿಟ್ಟೀಯಲ್ಲ, ಹಾಕು."

ಹಾಕಿದ್ದೇನೆ. ಉಲ್ಲೇಖ ಇನ್ನೂ ಇಲ್ಲ.