ಅರಣೆಯ ಕಣ್ಣು, ಬಲೆಯ ಕಣ್ಣು

ಬಯಲುಸೀಮೆಯವರು ಹಾವುರಾಣಿ ಎಂದು ಕರೆಯುವ ನುಣುಪು ಮೈಯ ಪ್ರಾಣಿಗೆ ನಮ್ಮ ಕರಾವಳಿಯಲ್ಲಿ ಅರಣೆ ಎನ್ನುತ್ತಾರೆ. ಅದೇ ಹೆಸರಿನ ಮೀನೊಂದು ನಮ್ಮ ಕಡಲಲ್ಲಿದೆ. ಉದ್ದ ಮೈ, ಚೂಪು ಮೂತಿ, ಕಣ್ಣಿನ ಹಿಂದಿನವರೆಗೂ ಸೀಳಿದ ಬಾಯಿ. ದವಡೆಯಲ್ಲಷ್ಟೇ ಅಲ್ಲ, ನಾಲಿಗೆಯ ಮೇಲೂ ಸೂಜಿಯಂಥ ಹಲ್ಲುಗಳು. ಮುಂಬೈಯವರು ಒಣಗಿಸಿ ತಿನ್ನುವ ಬೊಂಬಿಲ್ ಇದರದೇ ಕುಟುಂಬದ್ದು.

ಮಲ್ಪೆ ಬಂದರಿಗೆ ಹೋದಾಗೆಲ್ಲ ಅಂಜಲ್, ಪಾಂಪ್ಲೆಟ್ ಹರಾಜಿನ ಕಡೆಗೇ ಎಲ್ಲರ ಗಮನ. ಅರಣೆಯನ್ನು ಯಾರೂ ಫೋಟೋ ತೆಗೆಯುವುದಿಲ್ಲ. ಮೀನು ವಿಂಗಡಿಸುತ್ತಿದ್ದ ಹೆಂಗಸೊಬ್ಬರನ್ನು ಕೇಳಿದೆ. "ರುಚಿ ಉಂಟು, ಆದ್ರೆ ಮುಳ್ಳು ಜಾಸ್ತಿ. ದೊಡ್ಡದಾದ್ರೆ ಮನೆಗೆ ತಕೊಂಡು ಹೋಗ್ತಾರೆ. ಸಣ್ಣದೆಲ್ಲ ಅಲ್ಲಿಗೆ" ಎಂದು ಪಕ್ಕದ ರಾಶಿ ತೋರಿಸಿದರು. ಅದು ಫಿಶ್‌ಮೀಲ್ ಕಾರ್ಖಾನೆಗೆ ಹೋಗುವ ರಾಶಿ. ಬೆರಳುದ್ದದ ಅರಣೆಗಳು ಅದರಲ್ಲಿ ಬೇಕಾದಷ್ಟಿದ್ದವು.

ಈ ಮೀನು ಬದುಕುವ ರೀತಿ ತಿಳಿದ ಮೇಲೆ ನನಗೆ ಆ ರಾಶಿ ಬೇರೆಯೇ ಆಗಿ ಕಂಡಿತು. ಅರಣೆ ಬೇಟೆಯ ಹಿಂದೆ ಅಲೆಯುವ ಮೀನಲ್ಲ. ಮರಳಿನ ಬಣ್ಣದ ಬೆನ್ನು ಹೊತ್ತು ಕಡಲತಳದಲ್ಲಿ ಸುಮ್ಮನೆ ಮಲಗಿರುತ್ತದೆ. ಇದರ ಜಾತಿಯ ಕೆಲವು ಮೀನುಗಳಂತೂ ಮರಳಲ್ಲಿ ಮೈ ಹೂತು ಕಣ್ಣು ಮಾತ್ರ ಹೊರಗಿಡುತ್ತವೆ. ಸಣ್ಣ ಮೀನೋ ಸಿಗಡಿಯೋ ಹತ್ತಿರ ಬಂದರೆ ಒಂದೇ ನೆಗೆತ, ಮತ್ತೆ ಅದೇ ಮೌನ. ತೊರಕೆಯೂ ಹೀಗೆಯೇ ಮರಳು ಹೊದ್ದು ಮಲಗುತ್ತದೆ. ಅದು ಇರುವ ಕಡೆ ನೀರಿಗಿಳಿದರೆ ಕಾಲೆತ್ತಿ ಇಡಬಾರದು, ಮರಳಲ್ಲಿ ಎಳೆದುಕೊಂಡೇ ನಡೆಯಬೇಕು. ಸದ್ದಿಗೆ ಅದು ಸರಿದುಹೋಗುತ್ತದೆ. ಮೇಲೆ ಕಾಲಿಟ್ಟರೆ ಬಾಲದ ಮುಳ್ಳು ಗ್ಯಾರಂಟಿ.

ಅಡಗುವ ಈ ವಿದ್ಯೆ ಕಣ್ಣಿರುವವರ ಎದುರು ಮಾತ್ರ ನಡೆಯುತ್ತದೆ. ಬೇಟೆಯ ಕಣ್ಣು ತಪ್ಪಿಸಬಹುದು, ತನ್ನನ್ನು ತಿನ್ನಬರುವ ದೊಡ್ಡ ಮೀನಿನ ಕಣ್ಣೂ ತಪ್ಪಿಸಬಹುದು. ಟ್ರಾಲ್ ಬಲೆಗೆ ಸಾವಿರಾರು ಕಣ್ಣುಗಳಿವೆ, ಒಂದೂ ನೋಡುವುದಿಲ್ಲ. ಬಲೆಯ ಬಾಯಿಯನ್ನು ಎರಡು ಭಾರದ ಹಲಗೆಗಳು ಅಗಲಿಸಿ ಹಿಡಿದಿರುತ್ತವೆ. ಕೆಳಗಿನ ಹಗ್ಗ ತಳವನ್ನು ಸವರಿಕೊಂಡು ಬರುತ್ತದೆ. ಅರಣೆ ಕೊನೇ ಗಳಿಗೆಯವರೆಗೆ ಅಲುಗಾಡದೆ ಕಾಯುತ್ತದೆ. ಹಗ್ಗ ತಾಗಿದಾಗ ನೆಗೆಯುತ್ತದೆ, ನೆಗೆದದ್ದು ಬಲೆಯೊಳಕ್ಕೆ.

ಹಿಂದಿನ ರಂಪಣಿ ದಡದಿಂದ ಎಳೆಯುವ ಬಲೆಯಾಗಿತ್ತು. ಬಂಗುಡೆ, ಬೂತಾಯಿ ಹಿಂಡು ದಡದ ಹತ್ತಿರ ಬಂದರೆ ಊರವರೆಲ್ಲ ಸೇರಿ ಎಳೆಯುತ್ತಿದ್ದರು. ದೂರದ ಆಳದಲ್ಲಿ ಮಲಗಿದ ಅರಣೆಗೆ ಅದು ತಲುಪುತ್ತಿರಲಿಲ್ಲ. 1950ರ ದಶಕದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಕೇರಳದಲ್ಲಿ ಯಾಂತ್ರಿಕ ದೋಣಿಗಳನ್ನು ತಂದಿತು. ಆಮೇಲೆ ನಮ್ಮ ಕರಾವಳಿಗೂ ಟ್ರಾಲಿಂಗ್ ಬಂತು, ಕಡಲತಳವೂ ಕೈಗೆಟುಕಿತು.

ಪರಿಹಾರವೇ ಇಲ್ಲವೆಂದಲ್ಲ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬಲೆಯ ಕೊನೆಯ ಚೀಲಕ್ಕೆ 35 ಮಿ.ಮೀ. ಚೌಕ ಕಣ್ಣು ಹಾಕಿ ಎಂದು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಹೇಳುತ್ತಾ ಬಂದಿದೆ. ವಜ್ರಾಕಾರದ ಕಣ್ಣು ಬಲೆ ಎಳೆಯುವಾಗ ಮುಚ್ಚಿಕೊಳ್ಳುತ್ತದೆ. ಚೌಕ ಕಣ್ಣು ತೆರೆದೇ ಇರುತ್ತದೆ, ಮರಿಗಳು ನುಸುಳಿ ಹೋಗುತ್ತವೆ.

ಇದನ್ನು ಒಬ್ಬ ತಾಂಡೇಲರ ಹತ್ತಿರ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ನಂಗೆ ಗೊತ್ತಿಲ್ವಾ ಮಾರಾಯ್ರೆ? ನಾನೊಬ್ಬ ದೊಡ್ಡ ಕಣ್ಣು ಹಾಕಿದ್ರೆ ನಾನು ಬಿಟ್ಟದ್ದನ್ನು ಹಿಂದಿನ ಬೋಟಿನವ ತುಂಬಿಸ್ತಾನೆ. ಡೀಸೆಲ್ ಸಾಲ ಅವನದ್ದು ತೀರ್ತದೆ, ನನ್ನದು ಉಳೀತದೆ." ನನ್ನ ಬಳಿ ಉತ್ತರ ಇರಲಿಲ್ಲ. ನಿಯಮ ಎಲ್ಲರಿಗೂ ಒಂದೇ ದಿನ, ಒಂದೇ ರೀತಿ ಜಾರಿಯಾಗದ ಹೊರತು ಅವರೊಬ್ಬರಿಗೆ ಬುದ್ಧಿ ಹೇಳುವುದರಲ್ಲಿ ಅರ್ಥವಿಲ್ಲ.

ಪತ್ರಕರ್ತರಾದ ನಮ್ಮ ಪಾಲಿನ ಕೆಲಸವೂ ಇಲ್ಲಿದೆ. ಘಟ್ಟದಲ್ಲಿ ಎಕರೆ ಕಾಡು ಕಡಿದರೆ ಬೋಳು ಗುಡ್ಡ ಕಾಣುತ್ತದೆ, ಫೋಟೋ ಸಿಗುತ್ತದೆ, ಸುದ್ದಿಯಾಗುತ್ತದೆ. ಕಡಲತಳವನ್ನು ದಿನವೂ ಗೀರಿದರೂ ಮೇಲೆ ಅದೇ ನೀಲಿ ನೀರು. ನಮ್ಮ ಕೈಗೆ ಸಿಗುವ ಒಂದೇ ಸಾಕ್ಷಿ ಫಿಶ್‌ಮೀಲ್ ರಾಶಿ. ಅದರಲ್ಲಿ ಯಾವ ಮೀನಿದೆ, ಎಷ್ಟುದ್ದ ಇದೆ ಎಂದು ಅಳೆದು ಬರೆಯಲು ಒಂದು ಸ್ಕೇಲು ಸಾಕು. ಕಾಣಿಸಿಕೊಳ್ಳದಿರುವುದು ಅರಣೆಗೆ ಹೊಟ್ಟೆಪಾಡು. ಅದು ಕಾಣಿಸದಂತೆಯೇ ಮುಗಿದುಹೋಗದ ಹಾಗೆ ನೋಡಿಕೊಳ್ಳಬೇಕಾದವರು ನಾವು.