ಎಳೆಯರ ಪ್ರಶ್ನೆಗೂ ಗೋಷ್ಠಿಯಲ್ಲಿ ಸ್ಥಾನವಿರಲಿ

ಶಿವಾನುಭವ ಗೋಷ್ಠಿಗಳಲ್ಲಿ ಮಕ್ಕಳ ಪಾತ್ರ ಬಹುಮಟ್ಟಿಗೆ ನಿಗದಿಯಾಗಿದೆ. ಆರಂಭದಲ್ಲಿ ವಚನ ಹೇಳಬೇಕು, ಚಪ್ಪಾಳೆ ಪಡೆಯಬೇಕು, ಅನಂತರ ಹಿಂದೆ ಹೋಗಿ ಸದ್ದಿಲ್ಲದೆ ಕುಳಿತುಕೊಳ್ಳಬೇಕು. ಕಂಠಪಾಠವು ಒಳ್ಳೆಯ ಸಂಸ್ಕಾರವೇ ಸರಿ. ಆದರೆ ಆ ವಚನವು ಮಗುವಿನ ಮನಸ್ಸಿನಲ್ಲಿ ಏನನ್ನು ಎಬ್ಬಿಸಿತೆಂದು ಕೇಳುವ ಹಿರಿಯರು ವಿರಳ.

ಶರಣ ಪರಂಪರೆ ತೋರಿದ ದಾರಿ ಬೇರೆ. ಬಾಲಕ ಬಸವಣ್ಣನವರು ಉಪನಯನದ ಸಂದರ್ಭದಲ್ಲಿ, ಅಕ್ಕ ನಾಗಮ್ಮನವರಿಗೆ ಇಲ್ಲದ ಸಂಸ್ಕಾರ ತಮಗೇಕೆಂದು ಹಿರಿಯರನ್ನು ಪ್ರಶ್ನಿಸಿದರೆಂಬುದು ಪ್ರತೀತಿ. ವಯಸ್ಸಿನಲ್ಲಿ ಕಿರಿಯರಾದ ಚನ್ನಬಸವಣ್ಣನವರನ್ನು ಪರಂಪರೆಯು ಅವಿರಳಜ್ಞಾನಿ ಎಂದೇ ಕೊಂಡಾಡುತ್ತದೆ. ಅಲ್ಲಿ ಹಿರಿತನದ ಅಳತೆಗೋಲು ಅರಿವು, ವಯಸ್ಸಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಮಠದ ಅಮಾವಾಸ್ಯೆಯ ಗೋಷ್ಠಿಯಲ್ಲಿ ಸಮಾನತೆಯನ್ನು ಕುರಿತ ಉಪನ್ಯಾಸ ಮುಗಿದಾಗ, ಹತ್ತು ವರ್ಷದ ಬಾಲಕಿಯೊಬ್ಬಳು ಕೈಮುಗಿದು ಎದ್ದು ನಿಂತಳು. "ಅಜ್ಜಾರ, ಎಲ್ಲಾರೂ ಸಮ ಅಂದ್ರಿ. ಮತ್ತ ಪ್ರಸಾದಕ್ಕ ಅವ್ವಂದಿರು ಯಾಕ ಕಡೀ ಪಂಕ್ತಿಗೆ ಕೂಡ್ತಾರ್ರಿ?"

"ಸುಮ್ಮನ ಕುಂದರವಾ, ದೊಡ್ಡವರ ನಡುವ ಮಾತಾಡಬಾರದು" ಎಂದು ಹಿರಿಯರೊಬ್ಬರು ಗದರಿದರು. ಪೂಜ್ಯರು ಅವರನ್ನು ತಡೆದು, "ಆಕಿ ಕೇಳಿದ್ದು ನಮ್ಮನ್ನ. ಉತ್ತರಾ ನಾವು ಕೊಡಬೇಕು" ಎಂದರು. ತುಸು ಹೊತ್ತು ಮೌನವಾಗಿದ್ದು, ಅದು ಬರಿಯ ರೂಢಿ, ತತ್ತ್ವದಲ್ಲಿ ಅದಕ್ಕೆ ಆಧಾರವಿಲ್ಲವೆಂದು ನುಡಿದರು. ಮುಂದಿನ ಅಮಾವಾಸ್ಯೆಯಿಂದ ಎಲ್ಲರಿಗೂ ಒಂದೇ ಪಂಕ್ತಿ. ನೀಡುವ ಸೇವೆ ಗಂಡಸರಿಗೂ ಸರದಿಯಂತೆ ಬಂದಿತು.

ಇದರಿಂದ ಮಕ್ಕಳ ನಾಲಿಗೆ ಉದ್ದವಾದೀತೆಂದು ಭಕ್ತರೊಬ್ಬರು ನನ್ನಲ್ಲಿ ನೊಂದುಕೊಂಡರು. ಅವರ ಆತಂಕವನ್ನು ನಾನು ಲಘುವಾಗಿ ಕಾಣಲಾರೆ; ಮರ್ಯಾದೆಯಿಲ್ಲದ ಮಾತು ಗೋಷ್ಠಿಯನ್ನು ಕೆಡಿಸುವುದು ನಿಜ. ಆದರೆ ಆ ಬಾಲಕಿ ಉಪನ್ಯಾಸ ಮುಗಿಯುವವರೆಗೆ ಕಾದಿದ್ದಳು. ಅಂದು ನೊಂದದ್ದು ನಮ್ಮ ರೂಢಿಯೇ ಹೊರತು ಮರ್ಯಾದೆಯಲ್ಲ.

ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಕ್ಕಳಿಗಿದೆಯೆಂದು 1989ರ ವಿಶ್ವಸಂಸ್ಥೆಯ ಒಡಂಬಡಿಕೆಯ 12ನೆಯ ವಿಧಿ ಸಾರುತ್ತದೆ. ಭಾರತವು 1992ರಲ್ಲಿ ಅದನ್ನು ಒಪ್ಪಿತು. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಗಳೂ ನಡೆಯುತ್ತವೆ. ಆದರೆ ಉತ್ತರ ಕೊಡುವವರಿಲ್ಲದಿದ್ದರೆ ಅಂತಹ ಸಭೆಯೂ ಕಂಠಪಾಠದ ಸ್ಪರ್ಧೆಯಂತೆ ಚಪ್ಪಾಳೆಯಲ್ಲೇ ಮುಗಿಯುತ್ತದೆ. ಹಕ್ಕನ್ನು ಬರೆದಿಡಬಹುದು, ಕೇಳುವ ಕಿವಿಯನ್ನು ಹಿರಿಯರೇ ರೂಢಿಸಿಕೊಳ್ಳಬೇಕು.

ಮುಂದಿನ ಗೋಷ್ಠಿಗೆ ಮಕ್ಕಳನ್ನು ಕರೆತನ್ನಿ, ಮುಂದಿನ ಸಾಲಿನಲ್ಲಿ ಕೂರಿಸಿ. ಅವರು ಕೇಳಿದುದಕ್ಕೆ ಉತ್ತರ ತಿಳಿಯದಿದ್ದರೆ, ತಿಳಿಯದೆಂದೇ ವಿನಯದಿಂದ ಹೇಳೋಣ. ಕಿಂಕರಭಾವವನ್ನು ಮಕ್ಕಳು ಕಲಿಯುವುದು ನಮ್ಮ ಆ ನಡೆಯಿಂದಲೇ.